ಅನುಭವ ಕೇಳುವವರೇ, ಅನುಭವ ಕೊಡಿ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಉದ್ಯೋಗ ಪ್ರಕಟಣೆ ನನ್ನ ಮುಂದಿದೆ. ಹುದ್ದೆ: ಜೂನಿಯರ್ ಡೆವಲಪರ್, ಎಂಟ್ರಿ ಲೆವೆಲ್. ಅದರ ಕೆಳಗಿನ ಸಾಲಿನಲ್ಲೇ ಅನುಭವ ಎರಡರಿಂದ ನಾಲ್ಕು ವರ್ಷ ಎಂದಿದೆ. ಆಮೇಲೆ ಶುರುವಾಗುತ್ತದೆ ಪಟ್ಟಿ. ಜಾವಾ ಬರಬೇಕು, ಪೈಥಾನ್ ಬರಬೇಕು. ರಿಯಾಕ್ಟ್, ಆಂಗ್ಯುಲರ್ ಎರಡೂ ಗೊತ್ತಿರಬೇಕು. ಡೇಟಾಬೇಸ್, ಕ್ಲೌಡ್, ಡಾಕರ್, ಕ್ಯುಬರ್ನೆಟಿಸ್, ಟೆಸ್ಟಿಂಗ್ ಎಲ್ಲದರಲ್ಲೂ ಕೈ ಪಳಗಿರಬೇಕು. ವಿದೇಶದ ಗ್ರಾಹಕರ ಜೊತೆ ನಿರರ್ಗಳವಾಗಿ ಇಂಗ್ಲಿಷಿನಲ್ಲಿ ಮಾತನಾಡಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ 60ಕ್ಕೆ ಕಡಿಮೆಯಿಲ್ಲದಂತೆ ಅಂಕ ಇರಬೇಕು. ಓದಿನ ನಡುವೆ ಒಂದು ವರ್ಷವೂ ಖಾಲಿ ಬಿದ್ದಿರಬಾರದು. ರಾತ್ರಿ ಪಾಳಿಗೆ ಸಿದ್ಧರಿರಬೇಕು. ಲ್ಯಾಪ್‌ಟಾಪ್ ಸ್ವಂತದ್ದು ತರಬೇಕು. ಹದಿನೆಂಟು ತಿಂಗಳ ಬಾಂಡ್‌ಗೆ ಸಹಿ ಹಾಕಬೇಕು. ಹದಿನೈದು ದಿನದೊಳಗೆ ಕೆಲಸಕ್ಕೆ ಸೇರಬೇಕು. ಇಷ್ಟು ಕೇಳಿದವರು ಸಂಬಳದ ಮುಂದೆ ಬರೆದಿರುವುದು ಎರಡೇ ಪದ: ಕಂಪನಿಯ ನಿಯಮದಂತೆ.

ಇಷ್ಟೆಲ್ಲ ಬಲ್ಲವರು ಜೂನಿಯರ್ ಹುದ್ದೆಗೆ ಅರ್ಜಿ ಹಾಕುವುದಿಲ್ಲ. ಇದರಲ್ಲಿ ಅಡಗಿರುವುದು ಕಡಿಮೆಯೆಂದರೂ ಮೂವರ ಕೆಲಸ. ಬರೆದವರಿಗೂ ಅದು ಗೊತ್ತು. ತಮ್ಮ ತಂಡದಲ್ಲಿ ಈಗಾಗಲೇ ಚೆನ್ನಾಗಿ ಕೆಲಸ ಮಾಡುತ್ತಿರುವವರನ್ನು ಈ ಪಟ್ಟಿಯೆದುರು ನಿಲ್ಲಿಸಿದರೆ ಎಷ್ಟು ಜನ ಪಾಸಾಗುತ್ತಾರೆಂದು ಅವರೇ ಲೆಕ್ಕ ಹಾಕಲಿ.

ಇದು ಎಲ್ಲೋ ಒಂದು ಕಂಪನಿಯ ಹುಚ್ಚಾಟವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇಂದು ಇದೇ ರೂಢಿಯಾಗಿ ಕೂತಿದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಪ್ಲೇಸ್‌ಮೆಂಟ್ ಕೋಣೆಯ ಬಾಗಿಲಲ್ಲಿ ಮಕ್ಕಳ ಮುಖ ನೋಡುತ್ತಾ ಬಂದ ನಾನು, ಕೆಲಸ ಕೊಡುವ ಜಾಗದಲ್ಲಿ ಕೂತಿರುವ ನಿಮಗೆ ನೇರವಾಗಿ ಹೇಳಬೇಕಾದ ಮಾತೊಂದಿದೆ. ಅನುಭವ ಕೇಳುವ ಹಕ್ಕು, ಅನುಭವ ಕೊಡುವ ಹೊಣೆ ಹೊತ್ತವರಿಗೆ ಮಾತ್ರ ಇರುವಂಥದ್ದು. ಆ ಹೊಣೆಯನ್ನು ನೀವು ಮೆಲ್ಲಗೆ ಕೆಳಗಿಳಿಸಿದ್ದೀರಿ. ಅದನ್ನು ಮತ್ತೆ ಎತ್ತಿಕೊಳ್ಳಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ಎಲ್ಲೂ ಸೇರದ ಮಕ್ಕಳು

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವ ಗಾದೆ ನಮ್ಮಲ್ಲಿದೆ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಸುಳಿಯೂ ಅಂಥದ್ದೇ. ಆದರೆ ಈ ಸುಳಿ ತಾನಾಗಿ ಹುಟ್ಟಿದ್ದಲ್ಲ. ಒಂದೊಂದು ಸಾಲು ಸೇರಿಸುತ್ತಾ ಕೈಯಾರೆ ಕಟ್ಟಿದ್ದು.

ಅದು ಕೆಲಸ ಮಾಡುವ ಬಗೆ ನೋಡಿ. ಅಪ್ಪಟ ಫ್ರೆಷರ್‌ಗಳಿಗೆಂದು ಮೀಸಲಾದ ಕೆಲವು ಹುದ್ದೆಗಳೂ ಇವೆಯಲ್ಲ, ಅವುಗಳಲ್ಲಿ ಪಾಸಾದ ವರ್ಷದ ಷರತ್ತು ಇರುತ್ತದೆ. ಈ ವರ್ಷದ ಅಥವಾ ಹೋದ ವರ್ಷದ ಬ್ಯಾಚ್ ಮಾತ್ರ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಪಾಸಾಗಿ ಇನ್ನೂ ಕೆಲಸ ಸಿಗದ ಹುಡುಗ ಅಲ್ಲಿಗೆ ಹಳಬನಾದ. ಅನುಭವಿಗಳ ಹುದ್ದೆಗೆ ಹೋದರೆ ಅಲ್ಲಿ ಹೊಸಬ. ಹೊಸಬರ ಸಾಲಿನಲ್ಲೂ ಇಲ್ಲ, ಹಳಬರ ಸಾಲಿನಲ್ಲೂ ಇಲ್ಲ. ಇಪ್ಪತ್ಮೂರು, ಇಪ್ಪತ್ನಾಲ್ಕರ ವಯಸ್ಸಿಗೆ ಎಲ್ಲೂ ಸೇರದವನಾಗಿ ಬಿಡುತ್ತಾನೆ. ಕೊರೊನಾ ಕಾಲದಲ್ಲಿ ಪದವಿ ಮುಗಿಸಿದವರಲ್ಲಿ ಎಷ್ಟೋ ಮಂದಿ ಹೀಗೆ ನಡುವೆ ಬಿದ್ದುಹೋದರು. 2022ರಲ್ಲಿ ಆಫರ್ ಲೆಟರ್ ಕೈಗೆ ಬಂದರೂ ಸೇರುವ ದಿನಾಂಕವನ್ನು ತಿಂಗಳಿಂದ ತಿಂಗಳಿಗೆ ಮುಂದೂಡಿಸಿಕೊಂಡು, ವರ್ಷದ ಮೇಲೆ ವರ್ಷ ಕಾದವರೂ ಇದ್ದಾರೆ. ಆ ಕಾದ ವರ್ಷಗಳನ್ನೇ ಮುಂದಿನ ಕಂಪನಿ ಖಾಲಿ ವರ್ಷ ಎಂದು ಎಣಿಸುತ್ತದೆ.

ಇನ್ನು ಬ್ಯಾಂಕು. ಶಿಕ್ಷಣ ಸಾಲದ ಸಾಮಾನ್ಯ ನಿಯಮದಲ್ಲಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿಗೆ ವಿನಾಯಿತಿ. ಆ ಒಂದು ವರ್ಷ ಮುಗಿದ ತಿಂಗಳಿಂದ ಕಂತು ಶುರು. ಬ್ಯಾಂಕು ಒಂದು ವರ್ಷ ಕಾಯುತ್ತದೆ, ನೀವು ಎರಡು ವರ್ಷದ ಅನುಭವ ಕೇಳುತ್ತೀರಿ. ಈ ಎರಡರ ನಡುವಿನ ಅಂತರವನ್ನು ತುಂಬುವವರು ಯಾರು? ಹಾಲು ಡೇರಿಗೆ ಹಾಕುವ ಅಮ್ಮ ತುಂಬುತ್ತಾಳೆ. ಅರ್ಧ ಎಕರೆ ಮಾರುವ ಅಪ್ಪ ತುಂಬುತ್ತಾನೆ. ಮದುವೆ ಮುಂದಕ್ಕೆ ಹಾಕಿಸಿಕೊಂಡ ಅಕ್ಕ ತುಂಬುತ್ತಾಳೆ.

ದೇಶದ ಒಟ್ಟು ಚಿತ್ರವೂ ಇದಕ್ಕಿಂತ ಬೇರೆಯಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4 ಇದ್ದರೆ, ಪದವಿ ಪಡೆದ ಯುವಜನರಲ್ಲಿ ಅದು ಶೇ 29.1. ಓದಿದಷ್ಟೂ ಬಾಗಿಲು ತೆರೆಯುತ್ತದೆ ಎಂದು ನಂಬಿಸಿ ಶಾಲೆಗೆ ಕಳಿಸಿದ ಸಮಾಜ ನಾವು. ಓದಿ ಬಂದವರನ್ನೇ ಹೊಸ್ತಿಲಲ್ಲಿ ನಿಲ್ಲಿಸಿದ್ದೇವೆ.

ಒಂದು ನೋಟ್‌ಬುಕ್

ಹಾಸನ ಜಿಲ್ಲೆಯ ಹಳ್ಳಿಯೊಂದರ ಹುಡುಗಿ ನನ್ನ ವಿದ್ಯಾರ್ಥಿನಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಏಕಾಏಕಿ ಎಲ್ಲವೂ ಇಂಗ್ಲಿಷ್ ಆದಾಗ ತಡವರಿಸಿ ಶೇ 58ಕ್ಕೆ ನಿಂತಳು. ಎಂಜಿನಿಯರಿಂಗಿನಲ್ಲಿ ಚೇತರಿಸಿಕೊಂಡು ಕೊನೆಯ ಸೆಮಿಸ್ಟರುಗಳಲ್ಲಿ ತರಗತಿಯ ಮೊದಲ ಸಾಲಿಗೆ ಬಂದಳು. ಕೆಲಸ ಹುಡುಕಲು ಬೆಂಗಳೂರಿನ ಪಿಜಿಯೊಂದರಲ್ಲಿ ಮೂವರ ಕೋಣೆ ಹಿಡಿದಿದ್ದಾಳೆ.

ಒಮ್ಮೆ ಕಾಲೇಜಿಗೆ ಬಂದಾಗ ತನ್ನ ನೋಟ್‌ಬುಕ್ ತೋರಿಸಿದಳು. ಉದ್ದಕ್ಕೆ ಗೆರೆ ಎಳೆದು ಕಾಲಂ ಮಾಡಿದ್ದಳು. ಕಂಪನಿಯ ಹೆಸರು, ಅರ್ಜಿ ಹಾಕಿದ ತಾರೀಖು, ಕೇಳಿದ ಅರ್ಹತೆ, ತನ್ನಲ್ಲಿ ಇಲ್ಲದ್ದು, ಉತ್ತರ. 'ತನ್ನಲ್ಲಿ ಇಲ್ಲದ್ದು' ಎಂಬ ಕಾಲಂ ಪುಟದಿಂದ ಪುಟಕ್ಕೆ ತುಂಬಿ ತುಳುಕುತ್ತಿತ್ತು. 'ಉತ್ತರ' ಎಂಬ ಕಾಲಂ ಹೆಚ್ಚುಕಡಿಮೆ ಖಾಲಿ. ಇಲ್ಲ ಎಂದು ಹೇಳುವಷ್ಟು ಸೌಜನ್ಯವೂ ಬಹುತೇಕರಿಗೆ ಇರಲಿಲ್ಲ. ಕೆಲವು ಕಡೆ ಅವಳನ್ನು ಹೊರಗಿಟ್ಟದ್ದು ಪಿಯುಸಿಯ ಆ ಶೇ 58. ಹದಿನೇಳನೇ ವಯಸ್ಸಿನಲ್ಲಿ ಭಾಷೆ ಬದಲಾದ ಒಂದೇ ಕಾರಣಕ್ಕೆ ಕಳೆದುಕೊಂಡ ಶೇ 2ರಷ್ಟು ಅಂಕ, ಇಪ್ಪತ್ತೆರಡನೇ ವಯಸ್ಸಿನಲ್ಲೂ ಅವಳ ಬೆನ್ನು ಬಿಟ್ಟಿಲ್ಲ.

'ಸರ್, ಎರಡು ವರ್ಷ ಅನುಭವ ಅಂತಾರಲ್ಲ, ಕಾಲೇಜಲ್ಲಿ ಮಾಡಿದ ಪ್ರಾಜೆಕ್ಟ್ ಲೆಕ್ಕಕ್ಕೆ ಬರುತ್ತಾ?' ಎಂದು ಕೇಳಿದಳು.

ಅವಳ ಪ್ರಾಜೆಕ್ಟ್ ಲೆಕ್ಕಕ್ಕೆ ಬರಬೇಕಿತ್ತು. ಹಾಲಿನ ಡೇರಿಯ ಲೆಕ್ಕ ಇಡಲು ಅವಳು ಬರೆದ ಪುಟ್ಟ ತಂತ್ರಾಂಶವನ್ನು ಅವಳ ಊರಿನವರು ಬಳಸಿ ನೋಡಿ, ತಪ್ಪು ತೋರಿಸಿ, ಅವಳು ತಿದ್ದಿ ಕೊಟ್ಟಿದ್ದಾಳೆ. ಬಳಸುವವರ ಮಾತು ಕೇಳಿ ಕೆಲಸ ತಿದ್ದುವುದು ನಿಮ್ಮ ಕಚೇರಿಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಗುಣ. ಆದರೆ ಅದನ್ನು ನೋಡುವ ಮನುಷ್ಯನ ಕಣ್ಣಿನವರೆಗೆ ಅವಳ ಅರ್ಜಿ ತಲುಪುವುದೇ ಇಲ್ಲ.

ಆಮೇಲೊಂದು ದಿನ ಅವಳ ತಂದೆ ಫೋನ್ ಮಾಡಿದರು. 'ಮೇಷ್ಟ್ರೇ, ನನ್ನ ಮಗಳು ಓದಿದ್ದು ಸಾಲದಾ? ಇನ್ನೇನಾದ್ರೂ ಓದಿಸ್ಬೇಕಾ? ಹೇಳಿ, ಹೆಂಗಾದ್ರೂ ಮಾಡಿ ಓದಿಸ್ತೀನಿ' ಎಂದರು. ಆ ತಂದೆಗೆ ಉತ್ತರ ಕೊಡಬೇಕಾದವರು ನೀವು.

ನೀವು ಹೇಗೆ ಬಂದಿರಿ

ಇಂದು ಈ ಪಟ್ಟಿಗಳಿಗೆ ಸಹಿ ಹಾಕುವ ಮ್ಯಾನೇಜರುಗಳಲ್ಲಿ ನಮ್ಮ ಕಾಲೇಜುಗಳಿಂದ ಹೋದವರೇ ಬಹಳ. ಅವರು ಹೇಗೆ ಒಳಗೆ ಹೋದರು ಎಂಬುದು ನಮಗೆ ನೆನಪಿದೆ. ತೊಂಬತ್ತರ ದಶಕದ ಕೊನೆ, ಎರಡು ಸಾವಿರದ ಮೊದಲ ದಶಕ. ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್ ಓದಿದವರನ್ನೂ ಸಾಫ್ಟ್‌ವೇರ್ ಕಂಪನಿಗಳು ಕರೆದುಕೊಂಡವು. ಬರುವವರಿಗೆ ಕೋಡ್ ಬರೆಯಲು ಬರುತ್ತದೆಯೇ ಎಂದು ಕೇಳಲಿಲ್ಲ. ಒಂದು ಆಪ್ಟಿಟ್ಯೂಡ್ ಪರೀಕ್ಷೆ, ಒಂದು ಮಾತುಕತೆ ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸಿದವು. ಇನ್ಫೋಸಿಸ್ ಮೈಸೂರಿನಲ್ಲಿ ಕಟ್ಟಿದ ತರಬೇತಿ ಕೇಂದ್ರ ಆ ನಂಬಿಕೆಯ ಮೇಲೆಯೇ ಎದ್ದು ನಿಂತದ್ದು: ಕಲಿಯುವ ಶಕ್ತಿ ಇದ್ದವರನ್ನು ತೆಗೆದುಕೊಳ್ಳೋಣ, ಕೆಲಸ ನಾವು ಕಲಿಸೋಣ. ಬೆಂಗಳೂರಿಗೆ ಇಂದಿರುವ ಹೆಸರು ಹಾಗೆ ಕಲಿತವರ ಕೈಯಿಂದ ಬಂದದ್ದು.

ಅದಕ್ಕೂ ಹಿಂದಿನ ಬೆಂಗಳೂರೂ ಹಾಗೆಯೇ ಬೆಳೆದದ್ದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ವಿಮಾನದ ಭಾಗ, ಟೆಲಿಫೋನ್, ಲೇತ್, ರೇಡಿಯೊ ಉಪಕರಣ ಮಾಡಿ ಪಳಗಿದ ಸಾವಿರಾರು ಜನ ಆಗ ಈ ನಾಡಿನಲ್ಲಿ ಎಲ್ಲಿದ್ದರು? ಇರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡು, ಹಿರಿಯ ಕೆಲಸಗಾರರ ಪಕ್ಕ ನಿಲ್ಲಿಸಿ, ಅರ ಹಿಡಿಯುವುದರಿಂದ ಹಿಡಿದು ಡ್ರಾಯಿಂಗ್ ಓದುವವರೆಗೆ ಕಲಿಸಿದರು. ಹಾಗೆ ಕಲಿತವರಲ್ಲಿ ಕೆಲವರು ಮುಂದೆ ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಸ್ವಂತ ಶೆಡ್ ಹಾಕಿ ನೂರಾರು ಜನಕ್ಕೆ ಕೆಲಸ ಕೊಟ್ಟರು.

ಪೀಣ್ಯದ ಸಣ್ಣ ಕಾರ್ಖಾನೆಗಳ ಗೇಟಿನಲ್ಲಿ ಈಗಲೂ ಬೋರ್ಡ್ ತೂಗುತ್ತದೆ. ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ. ಹೆಲ್ಪರ್ ಬೇಕಾಗಿದ್ದಾರೆ. ಇಎಸ್‌ಐ, ಪಿಎಫ್ ಇದೆ. ಅಷ್ಟೇ. ಕೆಲಸ ಯಾವುದು, ಯಾರು ಬೇಕು, ಏನು ಸಿಗುತ್ತದೆ ಎಂಬುದು ದಾರಿಯಲ್ಲಿ ಹೋಗುವವನಿಗೂ ತಿಳಿಯುತ್ತದೆ. ಹೆಲ್ಪರ್ ಆಗಿ ಸೇರಿದವನು ಯಂತ್ರದ ಪಕ್ಕ ನಿಂತು ಆಪರೇಟರ್ ಆಗುತ್ತಾನೆ. ಅಲ್ಲಿಯ ಸಂಬಳ, ದುಡಿಮೆಯ ಸ್ಥಿತಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಬೋರ್ಡಿನಲ್ಲಿ ಇರುವ ಪ್ರಾಮಾಣಿಕತೆ ಗಾಜಿನ ಕಟ್ಟಡಗಳ ಪ್ರಕಟಣೆಗಳಲ್ಲಿ ಇಲ್ಲ.

ನಿಮಗೆ ಕಲಿಸಿದವರು ಇದ್ದರು. ನಿಮ್ಮ ಮೊದಲ ತಪ್ಪನ್ನು ಸಹಿಸಿ, ಪಕ್ಕದಲ್ಲಿ ಕೂತು ತಿದ್ದಿದ ಹಿರಿಯರೊಬ್ಬರು ಇದ್ದೇ ಇದ್ದರು. ಅವರಿಗೆ ನೀವು ತೀರಿಸಬೇಕಾದ ಋಣ ನಿಮ್ಮ ಮುಂದೆ ಅರ್ಜಿ ಹಿಡಿದು ನಿಂತಿದೆ.

ಪಟ್ಟಿ ಹುಟ್ಟುವ ಬಗೆ

ಈ ಪಟ್ಟಿಗಳ ಹಿಂದೆ ದುಷ್ಟತನಕ್ಕಿಂತ ಹೆಚ್ಚಾಗಿ ಅಸಡ್ಡೆ ಇದೆ. ಹಾಗಾಗಿಯೇ ಇದನ್ನು ತಿದ್ದಲು ಸಾಧ್ಯ ಎಂಬ ಭರವಸೆ ನನಗಿದೆ. ತಂಡದ ಮುಖ್ಯಸ್ಥರು ತುರ್ತಿನಲ್ಲಿ ತಮಗೆ ತೋಚಿದ್ದೆಲ್ಲ ಬರೆದು ಕಳಿಸುತ್ತಾರೆ. ಕೆಲಸ ಬಿಟ್ಟುಹೋದವನಿಗೆ ಐದು ವರ್ಷದಲ್ಲಿ ಏನೇನು ಬರುತ್ತಿತ್ತೋ ಅದೆಲ್ಲ ಹೊಸಬನಿಗೆ ಮೊದಲ ದಿನವೇ ಬರಲಿ ಎಂಬುದು ಆಸೆ. ಎಚ್‌ಆರ್ ವಿಭಾಗದವರು ಅದಕ್ಕೆ ಹಳೆಯ ಜೆಡಿಯ, ಅಂದರೆ ಹುದ್ದೆಯ ವಿವರಣೆಯ, ಸಾಲುಗಳನ್ನು ಅಂಟಿಸುತ್ತಾರೆ. ಪಕ್ಕದ ಕಂಪನಿ ಕೇಳಿದೆಯಲ್ಲ ಎಂದು ಇನ್ನೆರಡು ಸೇರುತ್ತವೆ. ಅರ್ಜಿ ಕಡಿಮೆ ಬರಲಿ ಎಂದು ವರ್ಷ ಹೆಚ್ಚಿಸುತ್ತಾರೆ. ಈ ಕೆಲಸಕ್ಕೆ ನಿಜಕ್ಕೂ ಏನು ಬೇಕು ಎಂದು ಯಾರೂ ಕೂತು ಯೋಚಿಸಿರುವುದಿಲ್ಲ.

ಅದರ ಫಲ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಲೋಕಕ್ಕೆಲ್ಲ ತಿಳಿದ ಉದಾಹರಣೆಗಳಿವೆ. ಫಾಸ್ಟ್‌ಎಪಿಐ ಎಂಬ ತಂತ್ರಾಂಶ ಚೌಕಟ್ಟನ್ನು ಕಟ್ಟಿದ ಸೆಬಾಸ್ಟಿಯನ್ ರಾಮಿರೆಸ್ 2020ರ ಜುಲೈನಲ್ಲಿ ಒಂದು ಪ್ರಕಟಣೆ ಕಂಡರು. ಅದರಲ್ಲಿ ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಕೇಳಿದ್ದರು. ಅದನ್ನು ಅವರು ಸೃಷ್ಟಿಸಿ ಆಗಿನ್ನೂ ಒಂದೂವರೆ ವರ್ಷವಾಗಿತ್ತು. ಅದೇ ವರ್ಷ ಇನ್ನೊಂದು ಹೆಸರಾಂತ ಕಂಪನಿ ಕ್ಯುಬರ್ನೆಟಿಸ್‌ನಲ್ಲಿ ಹನ್ನೆರಡು ವರ್ಷದ ಅನುಭವ ಕೇಳಿತು. ಕ್ಯುಬರ್ನೆಟಿಸ್ ಹೊರಬಂದದ್ದೇ 2014ರಲ್ಲಿ. ಲೋಕ ನಕ್ಕು ಮರೆಯಿತು. ಆದರೆ ಇಂಥ ಪ್ರಕಟಣೆ ಓದಿ ತಾನು ಅನರ್ಹ ಎಂದು ಪಕ್ಕಕ್ಕೆ ಸರಿದ ಹುಡುಗಿಗೆ, ಕೇಳಿದ ಅನುಭವ ಭೂಮಿಯ ಮೇಲೆ ಯಾರಿಗೂ ಇಲ್ಲ ಎಂದು ಹೇಳುವವರು ಇರಲಿಲ್ಲ.

ಪಟ್ಟಿಯನ್ನು ಓದುವುದು ಈಗ ಯಂತ್ರ. ರೆಸ್ಯೂಮೆಯಲ್ಲಿ ಕೇಳಿದ ಪದ ಕಾಣದಿದ್ದರೆ, ನಡುವೆ ಕೆಲವು ತಿಂಗಳು ಖಾಲಿ ಕಂಡರೆ, ಪಕ್ಕಕ್ಕೆ ತಳ್ಳುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶೇ 88ರಷ್ಟು ಉದ್ಯೋಗದಾತರು ತಾವೇ ಒಪ್ಪಿಕೊಂಡರು: ಕೆಲಸಕ್ಕೆ ಯೋಗ್ಯರಾದ, ಒಳ್ಳೆಯ ಕೌಶಲವಿರುವ ಅಭ್ಯರ್ಥಿಗಳೂ ಪ್ರಕಟಣೆಯ ಷರತ್ತಿಗೆ ಅಕ್ಷರಶಃ ಹೊಂದದ ಕಾರಣಕ್ಕೆ ಸೋಸಿಹೋಗುತ್ತಿದ್ದಾರೆ. ಜನ ಸಿಗುತ್ತಿಲ್ಲ ಎಂದು ಗೋಳಾಡುವವರೂ ಇವರೇ, ಬಂದವರನ್ನು ನೋಡದೆ ಕಳಿಸುವವರೂ ಇವರೇ.

ಖಾಲಿ ವರ್ಷದ ವಿಚಾರದಲ್ಲಿ ಹೆಣ್ಣುಮಕ್ಕಳ ಪಾಡು ಇನ್ನೂ ಕಠೋರ. ಮಗು ಹೆತ್ತು ಎರಡು ವರ್ಷ ಮನೆಯಲ್ಲಿದ್ದವಳು, ಅತ್ತೆಯ ಕಾಯಿಲೆ ನೋಡಿಕೊಂಡವಳು ಮತ್ತೆ ಕೆಲಸ ಕೇಳಿದರೆ ಗ್ಯಾಪ್ ಯಾಕೆ ಎಂಬ ಪ್ರಶ್ನೆ ಎದುರಿಗೆ ನಿಲ್ಲುತ್ತದೆ. ಅವಳು ಕಲಿತದ್ದನ್ನು ಆ ಎರಡು ವರ್ಷ ಅಳಿಸಿಹಾಕಿದವೇ? ಸ್ವಲ್ಪ ದಿನ ಕೈ ಹಿಡಿದರೆ ಅವಳು ಮತ್ತೆ ನಿಲ್ಲುತ್ತಾಳೆ. ಆ ಸ್ವಲ್ಪ ದಿನ ಕೊಡಲು ಯಾರೂ ಸಿದ್ಧರಿಲ್ಲ.

ಸಾಫ್ಟ್‌ವೇರಿಗಷ್ಟೇ ಅಂಟಿದ ರೋಗವಲ್ಲ

ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಯ ಜಾಹೀರಾತು ಓದಿ. ವಿಜ್ಞಾನ ಶಿಕ್ಷಕಿ ಬೇಕು. ಎಂಎಸ್ಸಿ, ಬಿಎಡ್ ಆಗಿರಬೇಕು, ಐದು ವರ್ಷ ಪಾಠ ಮಾಡಿರಬೇಕು, ಸರಾಗವಾಗಿ ಇಂಗ್ಲಿಷ್ ಮಾತನಾಡಬೇಕು, ಕಂಪ್ಯೂಟರ್ ಬರಬೇಕು, ಮಕ್ಕಳಿಗೆ ನೃತ್ಯ ಕಲಿಸಲು ಬಂದರೆ ಆದ್ಯತೆ. ಏಪ್ರಿಲ್, ಮೇ ತಿಂಗಳಲ್ಲಿ ಮನೆಮನೆಗೆ ಹೋಗಿ ಅಡ್ಮಿಷನ್ ತರಬೇಕು ಎಂಬುದನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ, ಸೇರಿದ ಮೇಲೆ ಹೇಳುತ್ತಾರೆ. ಕೊಡುವ ಸಂಬಳ ಗಾರೆ ಕೆಲಸದವರ ತಿಂಗಳ ಕೂಲಿಗೂ ಸಮನಾಗುವುದಿಲ್ಲ. ಬೇಸಿಗೆ ರಜೆಯ ತಿಂಗಳುಗಳಿಗೆ ಅದೂ ಇಲ್ಲ.

ಆಸ್ಪತ್ರೆಗೆ ಬನ್ನಿ. ನರ್ಸಿಂಗ್ ಮುಗಿಸಿದ ಹುಡುಗಿಗೆ ಐಸಿಯು ಅನುಭವ ಬೇಕು ಎನ್ನುತ್ತಾರೆ. ಐಸಿಯು ಅನುಭವ ಐಸಿಯುವಿನ ಹೊರಗೆ ಎಲ್ಲಿ ಸಿಗುತ್ತದೆ? ಸೇರಿಸಿಕೊಂಡ ಕೆಲವು ಕಡೆ ಮೂಲ ಅಂಕಪಟ್ಟಿಯನ್ನೇ ಒತ್ತೆ ಇಟ್ಟುಕೊಳ್ಳುತ್ತಾರೆ. ಬಟ್ಟೆ ಅಂಗಡಿಯ ಕೌಂಟರ್‌ಗೂ ಪದವಿ, ಡೆಲಿವರಿ ಕೆಲಸಕ್ಕೂ ಅನುಭವ. ಅಗತ್ಯಕ್ಕೂ ಬೇಡಿಕೆಗೂ ಇದ್ದ ನಂಟೇ ಕಡಿದುಹೋಗಿದೆ.

ಅನುಭವ ಮಾರುವ ಅಂಗಡಿ

ಸಿಗಲಾರದ್ದನ್ನು ಕಡ್ಡಾಯ ಮಾಡಿದರೆ ಅದನ್ನು ಮಾರುವವರು ಹುಟ್ಟಿಕೊಳ್ಳುತ್ತಾರೆ. ಬೆಂಗಳೂರಿನ ಪಿಜಿಗಳ ಗೋಡೆ, ಬಸ್‌ಸ್ಟಾಪಿನ ಕಂಬಗಳ ಮೇಲಿನ ಚೀಟಿಗಳನ್ನು ಓದಿದವರಿಗೆ ಇದು ಗೊತ್ತು. ದುಡ್ಡು ಕಟ್ಟಿದರೆ ಇಲ್ಲದ ಕಂಪನಿಯ ಎಕ್ಸ್‌ಪೀರಿಯನ್ಸ್ ಲೆಟರ್, ಸಂಬಳದ ಪೇಸ್ಲಿಪ್, ವಿಚಾರಿಸಿದರೆ ಹೌದು ನಮ್ಮಲ್ಲಿದ್ದರು ಎನ್ನುವ ಫೋನ್ ನಂಬರ್ ಎಲ್ಲ ಸಿಗುತ್ತದೆ. ಮಕ್ಕಳು ಅಪ್ಪನ ಸಾಲದ ದುಡ್ಡಿನಲ್ಲಿ ಅದನ್ನು ಕೊಳ್ಳುತ್ತಾರೆ. ಹೆದರಿಕೆಯಲ್ಲೇ ಕೆಲಸಕ್ಕೆ ಸೇರುತ್ತಾರೆ. ಆಮೇಲೊಂದು ದಿನ ಪಿಎಫ್ ದಾಖಲೆ ನೋಡಿದಾಗ ಸಿಕ್ಕಿಬೀಳುತ್ತಾರೆ. ಕೆಲಸ ಹೋಗುತ್ತದೆ, ಹೆಸರು ಕಪ್ಪುಪಟ್ಟಿಗೆ ಸೇರುತ್ತದೆ.

ಸುಳ್ಳು ದಾಖಲೆ ಕೊಟ್ಟದ್ದು ತಪ್ಪು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಎಂದೂ ಬೇರೆ ಮಾತಿನಲ್ಲಿ ಹೇಳಿಲ್ಲ. ಆದರೆ ನಿಜ ಹೇಳಿದವರನ್ನು ಬಾಗಿಲಲ್ಲೇ ತಡೆದು, ಸುಳ್ಳು ಹೇಳಿದವರನ್ನು ಒಳಗೆ ಬಿಟ್ಟು, ಆಮೇಲೆ ನೀತಿಯ ಮಾತಾಡುವ ವ್ಯವಸ್ಥೆಗೂ ಈ ಪಾಪದಲ್ಲಿ ಪಾಲಿದೆ. ನಿಮ್ಮ ಪ್ರಕಟಣೆಯೇ ಸುಳ್ಳಾಗಿದ್ದಾಗ ಅರ್ಜಿ ಮಾತ್ರ ಸತ್ಯವಾಗಿರಬೇಕೆಂದು ಯಾವ ಬಾಯಲ್ಲಿ ಕೇಳುತ್ತೀರಿ?

ನಿಮ್ಮ ಮಾತಿಗೂ ಉತ್ತರವಿದೆ

ಕಲಿಸಿದರೆ ಬಿಟ್ಟುಹೋಗುತ್ತಾರೆ ಎನ್ನುತ್ತೀರಿ. ಕೆಲವರು ಹೋಗುತ್ತಾರೆ, ನಿಜ. ಆದರೆ ಪಕ್ಕದ ಕಂಪನಿ ಕಲಿಸಿದವರನ್ನು ನೀವೂ ತಾನೇ ಕರೆದುಕೊಳ್ಳುತ್ತಿದ್ದೀರಿ? ಎಲ್ಲರೂ ಕಲಿಸಿದರೆ ಬರುವವರೂ ಹೋಗುವವರೂ ಕಲಿತವರೇ ಆಗಿರುತ್ತಾರೆ. ಯಾರೂ ಕಲಿಸದಿದ್ದರೆ ಇನ್ನು ಹತ್ತು ವರ್ಷಕ್ಕೆ ಹಿರಿಯರೇ ಇರುವುದಿಲ್ಲ. ಇಂದು ಬೀಜ ಬಿತ್ತದವರಿಗೆ ಮುಂದೆ ಕೊಯ್ಲು ಎಲ್ಲಿಂದ ಬರಬೇಕು?

ಬಾಂಡ್ ಅದಕ್ಕಾಗಿಯೇ ಎನ್ನುತ್ತೀರಿ. ತರಬೇತಿಗೆ ಖರ್ಚು ಮಾಡಿದ ಸಂಸ್ಥೆ ಒಂದಿಷ್ಟು ಕಾಲ ದುಡಿಯಲು ಕೇಳುವುದನ್ನು ನ್ಯಾಯಾಲಯಗಳೂ ಸಾರಾಸಗಟಾಗಿ ತಳ್ಳಿಹಾಕಿಲ್ಲ. ಸಾರ್ವಜನಿಕ ವಲಯದ ಬ್ಯಾಂಕೊಂದರ ಬಾಂಡ್ ಅನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೆ ಎರಡು ವರ್ಷದ ಅನುಭವ ಇದ್ದವರನ್ನೇ ತೆಗೆದುಕೊಂಡು, ಏನನ್ನೂ ಕಲಿಸದೆ, ಬಾಂಡ್ ಮಾತ್ರ ಬರೆಸಿಕೊಳ್ಳುವುದು ಯಾವ ನ್ಯಾಯ? ಹದಿನೈದು ದಿನದಲ್ಲಿ ಸೇರಿ ಎನ್ನುವ ನೀವು, ನಿಮ್ಮಲ್ಲಿರುವವರು ಹೊರಡುವಾಗ ತೊಂಬತ್ತು ದಿನದ ನೋಟಿಸ್ ಕೇಳುತ್ತೀರಿ. ಇನ್ನೊಬ್ಬರ ಕಂಪನಿಯಲ್ಲಿ ಬೇಡವಾದ ನಿಯಮ ನಿಮ್ಮಲ್ಲಿ ಮಾತ್ರ ಹೇಗೆ ನ್ಯಾಯವಾಯಿತು?

ಷರತ್ತು ಕಠಿಣವಾದರೂ ಜನ ಅರ್ಜಿ ಹಾಕುತ್ತಾರಲ್ಲ ಎನ್ನುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಜೊಮ್ಯಾಟೊ ಮುಖ್ಯಸ್ಥ ದೀಪಿಂದರ್ ಗೋಯಲ್ ಒಂದು ಹುದ್ದೆ ಪ್ರಕಟಿಸಿದರು. ಮೊದಲ ವರ್ಷ ಸಂಬಳವಿಲ್ಲ, ಬದಲಿಗೆ ಅಭ್ಯರ್ಥಿಯೇ 20 ಲಕ್ಷ ರೂಪಾಯಿ ದೇಣಿಗೆ ಕೊಡಬೇಕು ಎಂದಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಅದು ಅಭ್ಯರ್ಥಿಗಳನ್ನು ಸೋಸಲು ಹಾಕಿದ ಷರತ್ತಷ್ಟೇ, ಹಣ ಪಡೆಯುವುದಿಲ್ಲ ಎಂದು ಆಮೇಲೆ ಅವರು ಹೇಳಿದರು. ಆದರೆ ಆ ಅರ್ಜಿಗಳ ರಾಶಿಯನ್ನು ಒಪ್ಪಿಗೆ ಎಂದು ಓದುವವರು 1982ರ ಒಂದು ತೀರ್ಪನ್ನು ನೆನೆಯಬೇಕು. ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಡತನ ಮತ್ತು ಹಸಿವು ಒಡ್ಡುವ ಒತ್ತಾಯವೂ ಒತ್ತಾಯವೇ ಎಂದು ಹೇಳಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದನ್ನು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸೇರಿಸಿತು. ಬೇರೆ ದಾರಿಯಿಲ್ಲದವರು ತಲೆಯಾಡಿಸಿದ್ದು ಸಮ್ಮತಿಯಾಗುವುದಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ, ದುಡ್ಡು ಕಟ್ಟಿ ಸೇರುವ ಟ್ರೈನಿಂಗ್‌ಗೆ ಕೈಮುಗಿದು ಬರುವವರನ್ನು ಕಂಡಾಗ ಈ ಮಾತು ನಿಮ್ಮ ಕಿವಿಯಲ್ಲಿರಲಿ.

ದಾರಿ ಇದೆ

ಬೇರೆಡೆ ಇದನ್ನು ತಿದ್ದಲು ಹೊರಟಿದ್ದಾರೆ. ಕೆನಡಾದ ಒಂಟಾರಿಯೊಗೆ ವಲಸೆ ಹೋದವರನ್ನು, ಅವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ, ಕೆನಡಾದಲ್ಲಿ ದುಡಿದ ಅನುಭವ ಇದೆಯೇ ಎಂಬ ಒಂದೇ ಪ್ರಶ್ನೆ ವರ್ಷಗಟ್ಟಲೆ ಹೊರಗೆ ನಿಲ್ಲಿಸಿತ್ತು. 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಪ್ರಕಟಣೆಯಲ್ಲಿ ಆ ಅನುಭವ ಕೇಳುವಂತಿಲ್ಲ. ಸಂಬಳ ಎಷ್ಟರಿಂದ ಎಷ್ಟು ಎಂದು ಬರೆಯಬೇಕು, ಹುದ್ದೆ ನಿಜಕ್ಕೂ ಖಾಲಿ ಇದೆಯೇ ಎಂದು ಹೇಳಬೇಕು, ಸಂದರ್ಶನಕ್ಕೆ ಬಂದವರಿಗೆ ಫಲಿತಾಂಶ ತಿಳಿಸಬೇಕು. ಅಮೆರಿಕದ ಕೊಲರಾಡೊ 2021ರಿಂದ, ಕ್ಯಾಲಿಫೋರ್ನಿಯಾ 2023ರಿಂದ ಪ್ರಕಟಣೆಯಲ್ಲಿ ಸಂಬಳ ಬರೆಯುವುದನ್ನು ಕಡ್ಡಾಯ ಮಾಡಿವೆ. ಆ ದೇಶಗಳಲ್ಲಿ ಸಂಬಳ ಬರೆಯುವ ಕಂಪನಿಗಳಲ್ಲಿ ಎಷ್ಟೋ ಬೆಂಗಳೂರಿನಲ್ಲೂ ಕಚೇರಿ ಇಟ್ಟುಕೊಂಡಿವೆ. ಅಲ್ಲಿ ಬರೆಯಲು ಬರುವ ಅಂಕಿ ಇಲ್ಲಿ ಯಾಕೆ ಮಾಯವಾಗುತ್ತದೆ?

ನಮ್ಮ ಸರ್ಕಾರದ ಕೈಯೂ ಕಟ್ಟಿಲ್ಲ. ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ, ನೌಕರಿಯ ಷರತ್ತುಗಳನ್ನು ಬರೆದಿಡಬೇಕೆನ್ನುತ್ತಿದ್ದ ಅಂದಿನ ಸ್ಥಾಯಿ ಆದೇಶಗಳ ಕಾಯ್ದೆಯಿಂದ 2014ರಿಂದ ವಿನಾಯಿತಿ ಕೊಡುತ್ತಾ ಬಂದಿತ್ತು, 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ನೆಲ, ನೀರು, ವಿನಾಯಿತಿ ಕೊಡುವ ಸರ್ಕಾರ ಅದರ ಬದಲಿಗೆ ಸಂಬಳ ನಮೂದಿಸಿದ, ಪ್ರಾಮಾಣಿಕವಾದ ಪ್ರಕಟಣೆಯನ್ನು ಕೇಳಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವೀಧರ ಅಪ್ರೆಂಟಿಸ್‌ನ ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಕಲಿಸುವ ಖರ್ಚಿನಲ್ಲಿ ಸರ್ಕಾರ ಪಾಲು ಹಾಕಲು ಸಿದ್ಧವಿದ್ದಾಗಲೂ ಕಲಿಸಲಾರೆವು ಎಂದರೆ, ಕೊರತೆ ಹಣದ್ದಲ್ಲ.

ಹಾಗಾಗಿ ಒಬ್ಬೊಬ್ಬರನ್ನೂ ಕೇಳುತ್ತೇನೆ.

ಎಚ್‌ಆರ್ ವಿಭಾಗದ ಗೆಳೆಯರೇ, ಜೆಡಿ ಬಂದಾಗ ಕುರುಡಾಗಿ ಹಾಕಬೇಡಿ. ಮೊದಲ ದಿನಕ್ಕೆ ಏನು ಬೇಕು, ಆರು ತಿಂಗಳಲ್ಲಿ ಏನು ಕಲಿಯಬಹುದು ಎಂದು ಎರಡು ಪಟ್ಟಿ ಕೇಳಿ. ಮೊದಲ ಪಟ್ಟಿಯನ್ನಷ್ಟೇ ಕಡ್ಡಾಯ ಮಾಡಿ. ಸಂಬಳ ಬರೆಯಿರಿ. ಪಿಯುಸಿಯ ಅಂಕ, ಪಾಸಾದ ವರ್ಷ, ಖಾಲಿ ತಿಂಗಳು ಎಂಬ ಜರಡಿಗಳನ್ನು ತೆಗೆದುಹಾಕಿ. ಆಯ್ಕೆಯಾಗದವರಿಗೆ ಎರಡು ಸಾಲು ಉತ್ತರ ಕಳಿಸಿ.

ತಂಡದ ಮುಖ್ಯಸ್ಥರೇ, ನಿಮ್ಮ ಪ್ರತಿ ತಂಡದಲ್ಲಿ ಏನೂ ಬಾರದ ಒಬ್ಬರಿಗೆ ಒಂದು ಕುರ್ಚಿ ಇಡಿ. ಅವರ ಪಕ್ಕ ಕೂರುವ ಹಿರಿಯರ ಸಮಯವನ್ನು ಕೆಲಸವೆಂದೇ ಎಣಿಸಿ.

ಶಾಲೆ, ಆಸ್ಪತ್ರೆ, ಅಂಗಡಿ ನಡೆಸುವವರೇ, ಒಬ್ಬರ ಸಂಬಳಕ್ಕೆ ಮೂವರ ದುಡಿಮೆ ಕೇಳಬೇಡಿ. ಒತ್ತೆ ಇಟ್ಟುಕೊಂಡ ಅಂಕಪಟ್ಟಿಗಳನ್ನು ಇಂದೇ ಹಿಂದಿರುಗಿಸಿ.

ಕೆಲಸದಲ್ಲಿರುವ ಹಿರಿಯ ಗೆಳೆಯರೇ, ನಿಮ್ಮ ಕಂಪನಿ ಇಂಥ ಪ್ರಕಟಣೆ ಹಾಕಿದಾಗ ಮೀಟಿಂಗಿನಲ್ಲಿ ಒಬ್ಬರಾದರೂ ಕೈ ಎತ್ತಿ, ಇದು ತಪ್ಪು ಎನ್ನಿ. ನಿಮ್ಮ ಊರಿನ ಕಾಲೇಜಿಗೆ ಹೋಗಿ, ಮಕ್ಕಳ ಜೊತೆ ಕೂತು, ರೆಫರಲ್ ಕೊಡಿ.

ಕಾಲೇಜಿನ ಸಹೋದ್ಯೋಗಿಗಳೇ, ನಮ್ಮ ಪಠ್ಯ ಹಳತಾಗಿದೆ ಎಂಬ ದೂರಿನಲ್ಲಿ ಸತ್ಯವಿದೆ, ಅದನ್ನು ತಿದ್ದುವುದು ನಮ್ಮ ಪಾಲಿನ ಕೆಲಸ. ಆದರೆ ಬಾಂಡ್ ಮತ್ತು ಸಂಬಳವನ್ನು ಮೊದಲೇ ಬರೆದುಕೊಡದ ಕಂಪನಿಗೆ ಕ್ಯಾಂಪಸ್ಸಿನ ಬಾಗಿಲು ತೆರೆಯುವುದಿಲ್ಲ ಎನ್ನುವ ಧೈರ್ಯವೂ ನಮಗೆ ಬರಬೇಕು.

ಅರ್ಜಿ ಹಾಕುತ್ತಿರುವ ಮಕ್ಕಳೇ, ಆ ಪಟ್ಟಿ ನಿಮ್ಮ ಯೋಗ್ಯತೆಯ ತೀರ್ಪಲ್ಲ. ಕೇಳಿದ್ದರಲ್ಲಿ ಅರ್ಧ ಬಂದರೂ ಅರ್ಜಿ ಹಾಕಿ. ಅನುಭವವನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಬಾಂಡ್ ಕಾಗದವನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಮೂಲ ದಾಖಲೆಯನ್ನು ಯಾರ ಕೈಗೂ ಬಿಟ್ಟುಬರಬೇಡಿ.

ಈ ನಾಡಿನ ತಂದೆತಾಯಿಯರು ಮಕ್ಕಳನ್ನು ಓದಿಸಿ ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಮಕ್ಕಳು ಓದಿ ತಮ್ಮ ಪಾಲಿನದನ್ನು ಮಾಡಿದ್ದಾರೆ. ಇನ್ನು ಉಳಿದಿರುವುದು ಕೆಲಸ ಕೊಡುವವರ ಪಾಲು. ನಿಮ್ಮ ಮೇಜಿನ ಮೇಲೆ ಇವತ್ತು ಹೊರಡಲು ಸಿದ್ಧವಾಗಿರುವ ಪ್ರಕಟಣೆಯನ್ನು ಒಮ್ಮೆ ನಿಲ್ಲಿಸಿ. ಆ ಕೆಲಸಕ್ಕೆ ಬೇಡದ ಸಾಲುಗಳನ್ನು ಹೊಡೆದುಹಾಕಿ. ಕೊಡುವ ಸಂಬಳವನ್ನು ಬರೆಯಿರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿ: ಉಳಿದದ್ದನ್ನು ನಾವು ಕಲಿಸುತ್ತೇವೆ. ಸೇರಿಸಿದ ಮೇಲೆ, ಆ ಮಾತಿನಂತೆ ನಡೆಯಿರಿ.